ನೀಲಿ ಅಂಗಿಯ ಕಪ್ತಾನನ ಮೂರು ವರ್ಷ

ಬೈಲಹೊಂಗಲ

ಫ್ರಾನ್ಸಿಗೆ ಹೊರಟಿದ್ದೇನೆ ಎಂದಾಗ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಮಾತು: ಅಲ್ಲಿ ನಿಮ್ಮವರು ಯಾರಿದ್ದಾರೆ? ಮಗನೋ ಮಗಳೋ ಇದ್ದರೆ ಮಾತ್ರ ನಮ್ಮ ಕಡೆಯ ಹೆಂಗಸರು ವಿಮಾನ ಹತ್ತುವುದು. ನನಗೆ ಅಲ್ಲಿದ್ದವನು ಒಬ್ಬನೇ. ಅವನು ಸತ್ತು ಇನ್ನೂರು ವರ್ಷ ದಾಟಿತ್ತು.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗಲೇ ವಾರಕ್ಕೊಮ್ಮೆ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಫ್ರೆಂಚ್ ಕಲಿತೆ. ಕಲಿಸಿದ ಗುರುಗಳು ಊರು ಬಿಡುವಾಗ, ಓದಿ ರೂಢಿ ಮಾಡಿಕೊ ಎಂದು ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ಹಾಯಿಹಡಗುಗಳ ಕಾಲದ ಒಬ್ಬ ನೌಕಾ ಅಧಿಕಾರಿಯ ದಿನಚರಿ ಅದು. ಅವನ ಮನೆತನದವರೇ ಎಂದೋ ಅಚ್ಚು ಹಾಕಿಸಿದ್ದರು. ಹೆಸರು ಕೆರ್ಗಾದು.

ಕೆರ್ಗಾದು ಹಗ್ಗ ಹೊಸೆಯುವವನ ಮಗ. ಮೀಸೆ ಚಿಗುರುವ ಮೊದಲೇ ಹಡಗು ಸೇರಿ ಡೆಕ್ ತೊಳೆದ. ನಕ್ಷತ್ರ ನೋಡಿ ದಾರಿ ಹೇಳುವುದನ್ನು ಕಲಿತ. ಯುದ್ಧ ಬಂದಾಗ ರಾಜನ ನೌಕಾಪಡೆಯಲ್ಲಿ ಅಧಿಕಾರಿಯೂ ಆದ. ಆದರೆ ಆ ಪಡೆಯಲ್ಲಿ ಅಧಿಕಾರಿಗಳಿಗೆ ಎರಡು ಬಣ್ಣಗಳಿದ್ದವು. ಕುಲೀನರ ಮಕ್ಕಳು ಕೋಟಿನೊಳಗೆ ಕೆಂಪು ಅಂಗಿ, ಕೆಂಪು ಚೊಣ್ಣ ತೊಡುತ್ತಿದ್ದರು. ದುಡಿದು ಮೇಲೆ ಬಂದವರಿಗೆ ನೀಲಿ. ಕಾಳಗ ಬಂದಾಗ ನೀಲಿಯವರಿಗೆ ಕರೆ ಹೋಗುತ್ತಿತ್ತು, ಮುಗಿದ ಮೇಲೆ ಅವರನ್ನು ಮನೆಗೆ ಕಳಿಸುತ್ತಿದ್ದರು. ಎಷ್ಟೇ ಜಾಣನಾದರೂ ನೀಲಿಯವನ ಕೈಗೆ ರಾಜನ ದೊಡ್ಡ ಹಡಗು ಬರುತ್ತಿರಲಿಲ್ಲ. ದಿಕ್ಸೂಚಿ ನೋಡಲು ಬಾರದ ಒಬ್ಬ ಕೆಂಪು ಹುಡುಗ ತನ್ನನ್ನು ಊಟದ ಮೇಜಿನಿಂದ ಎಬ್ಬಿಸಿ ಕಳಿಸಿದ್ದನ್ನು ಅವನು ಒಂದು ಪುಟದ ತುಂಬ ಬರೆದಿದ್ದಾನೆ.

ಆ ಪುಟವನ್ನು ನಾನು ಓದಿದ್ದು ಧಾರವಾಡದಿಂದ ಬರುವ ಬಸ್ಸಿನಲ್ಲಿ. ಓದಿ ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿಕೊಂಡೆ. ನಾವು ಮುನವಳ್ಳಿಯ ಮಾದರ ಕೇರಿಯವರು, ಅಪ್ಪನ ಕಾಲಕ್ಕೆ ಬೌದ್ಧರಾದವರು. ನಮ್ಮಜ್ಜ ಪುಂಡಿ ನಾರಿನ ಹಗ್ಗ ಹೊಸೆದು ರೈತರ ಮನೆಗಳಿಗೆ ಕೊಡುತ್ತಿದ್ದ. ಅಂಗಳದಲ್ಲಿ ಇಟ್ಟು ದೂರ ನಿಲ್ಲುತ್ತಿದ್ದ. ನೀಲಿ ನಮ್ಮ ಕೇರಿಯ ಬಾವುಟದ ಬಣ್ಣ. ಏಳು ಸಮುದ್ರದ ಆಚೆಯ ಒಬ್ಬನನ್ನು ನನ್ನವನು ಎಂದುಕೊಳ್ಳಲು ಇಷ್ಟು ಸಾಕಾಯಿತು.

ಎಂಟು ವರ್ಷ ಕೂತು ಆ ದಿನಚರಿಯನ್ನು ಕನ್ನಡಕ್ಕೆ ತಂದೆ, ಅದರ ಸುತ್ತ ಅವನ ಜೀವನವನ್ನೂ ಬರೆದೆ. ನಡುವೆ ಮೂರು ವರ್ಷ ಮಾತ್ರ ಖಾಲಿ. ವ್ಯಾಪಾರಕ್ಕಾಗಿ ರಜೆಯ ಮೇಲೆ ಹೋದ ಎಂದು ಮನೆತನದವರು ಒಂದು ಸಾಲು ಹಾಕಿ ಮುಂದೆ ಹೋಗಿದ್ದರು. ಆ ಮೂರು ವರ್ಷ ಅವನು ಪೂರ್ವಕ್ಕೆ, ನಮ್ಮ ಮಲಬಾರಿಗೆ ಮೆಣಸು ತರಲು ಬಂದಿದ್ದ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕಾರವಾರದ ಗುಡ್ಡಗಳನ್ನು ಅವನು ಡೆಕ್ ಮೇಲಿನಿಂದ ನೋಡುತ್ತ ನಿಂತದ್ದನ್ನು ಒಂದು ಅಧ್ಯಾಯವಾಗಿಯೇ ಬರೆದುಬಿಟ್ಟಿದ್ದೆ. ಧಾರವಾಡದ ಪ್ರಕಾಶಕರಿಗೆ ಅದೇ ಬಹಳ ಹಿಡಿಸಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಆಧಾರ ಕೊಡಿ ಎಂದು ಕೆಂಪು ಗೆರೆ ಎಳೆದವಳು ನಾನು. ಆಧಾರ ತರಲೇಬೇಕಿತ್ತು.

ಅಕ್ಕ ಕಮಲಾ ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಾನು ಅವಳನ್ನು ಕರೆದಿರಲಿಲ್ಲ. ಅವಳೇ ಫೋನು ಮಾಡಿ, "ನೀ ಒಬ್ಬಾಕಿ ಹೋಗಿ ಆ ಊರಾಗ ಬಿದ್ದರ ಎಬ್ಬಸಾವ್ರ್ಯಾರು? ನಾನೂ ಬರತೇನಿ" ಎಂದಳು. ಎರಡು ಚೀಲಗಳಲ್ಲಿ ಒಂದರ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿದಳು.

ರೆನ್ ನಿಲ್ದಾಣ

ಪ್ಯಾರಿಸ್ಸಿನಲ್ಲಿ ನಾವು ನೋಡಿದ್ದು ರೈಲು ನಿಲ್ದಾಣ ಒಂದನ್ನೇ. ಅಲ್ಲಿಂದ ಪಶ್ಚಿಮದ ಕರಾವಳಿಗೆ ಹೋಗುವ ರೈಲು ಹತ್ತಿದೆವು. ಡಬ್ಬಿಯ ತುಂಬ ಜನ, ಆದರೆ ಉಸಿರಾಡುವ ಸದ್ದೂ ಇಲ್ಲ. ಅಷ್ಟರಲ್ಲಿ ಅಕ್ಕನ ಸೊಸೆಯ ಫೋನು ಬಂತು. ಅಕ್ಕ ರಾಮದುರ್ಗದ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲೇ ಮುಟ್ಟಿದ ಸುದ್ದಿ ಹೇಳಿದಳು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ಬಂದು, ಬಹಳ ವಿನಯದಿಂದ ಡಬ್ಬಿಯ ಬಾಗಿಲಿನ ಕಡೆ ಕೈ ತೋರಿಸಿದರು. ಅಲ್ಲಿ ಫೋನಿನಲ್ಲಿ ಮಾತಾಡುವವರೆಲ್ಲ ನಿಂತಿದ್ದರು. ಅಕ್ಕ ಫೋನು ಇಟ್ಟು ನನ್ನ ಕಿವಿಯಲ್ಲಿ, ಇವರ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೇನು ಎಂದು ಕೇಳಿದಳು.

ಟಿಕೆಟ್ ನೋಡಲು ಬಂದ ಹೆಂಗಸು ನಮ್ಮ ಟಿಕೆಟ್ಟನ್ನೂ ನಮ್ಮನ್ನೂ ಎರಡೆರಡು ಸಲ ನೋಡಿದಳು. ರೆನ್ ಎಂಬ ಊರಿನಲ್ಲಿ ಈ ರೈಲು ಎರಡಾಗುತ್ತದೆ, ಮುಂದಿನ ಅರ್ಧ ಒಂದು ದಿಕ್ಕಿಗೆ, ಹಿಂದಿನ ಅರ್ಧ ಇನ್ನೊಂದು ದಿಕ್ಕಿಗೆ ಹೋಗುತ್ತದೆ, ನೀವು ಕೂತಿರುವುದು ಮುಂದಿನದರಲ್ಲಿ ಎಂದಳು. ನಾವು ಹೋಗಬೇಕಾದ ಲೋರಿಯಾಂ ಹಿಂದಿನ ಅರ್ಧದ ದಾರಿಯಲ್ಲಿತ್ತು. ನಡುವೆ ದಾಟಲು ಬಾಗಿಲಿಲ್ಲ. ಹಿಂದೆ ಲೋಂಡಾ ಜಂಕ್ಷನ್ನಿನಲ್ಲಿ ಡಬ್ಬಿ ಬಿಡಿಸುವಾಗ ಇಳಿದು ಚಹಾ ಕುಡಿದು ಬಂದರೂ ಗಾಡಿ ಅಲ್ಲೇ ಇರುತ್ತಿತ್ತು. ಇಲ್ಲಿ ಸಿಕ್ಕದ್ದು ಕೆಲವೇ ನಿಮಿಷ. ಅರವತ್ತು ದಾಟಿದ ನಾವಿಬ್ಬರು ಸೀರೆ ಎತ್ತಿ ಹಿಡಿದು, ಚೀಲ ಎಳೆದುಕೊಂಡು ಆ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಓಡಿದೆವು. ರೊಟ್ಟಿಯ ಚೀಲದ ಗಾಲಿ ಮುರಿಯಿತು. ಅಕ್ಕ ಅದನ್ನು ಸೊಂಟಕ್ಕೆ ಏರಿಸಿಕೊಂಡು ನನಗಿಂತ ಮುಂದೆ ಹೋದಳು. ಹಿಂದಿನ ಡಬ್ಬಿಯೊಳಗೆ ಬಿದ್ದ ಮೇಲೆ ಬಾಗಿಲು ಮುಚ್ಚಿತು.

ಲೋರಿಯಾಂ, ಮುಚ್ಚಿದ ದಿನ

ಲೋರಿಯಾಂ ಅಂದರೆ ಪೂರ್ವ ಎಂದೇ ಅರ್ಥ. ನಮ್ಮ ಕಡೆಗೆ ಹಡಗು ಕಳಿಸುತ್ತಿದ್ದ ಕಂಪನಿಯೇ ಕಟ್ಟಿಸಿದ ಬಂದರು. ನಿಲ್ದಾಣದ ಹಲಗೆಯ ಮೇಲೆ ಆ ಹೆಸರು ನೋಡಿದಾಗ, ಕಾರವಾರದ ನನ್ನ ಅಧ್ಯಾಯಕ್ಕೆ ಅರ್ಧ ಆಧಾರ ಸಿಕ್ಕೇಬಿಟ್ಟಿತು ಅನ್ನಿಸಿತು.

ಬೆಳಿಗ್ಗೆ ಎದ್ದು ನೌಕಾಪಡೆಯ ದಾಖಲೆಗಳಿರುವ ಕಟ್ಟಡಕ್ಕೆ ಹೋದರೆ ಬೀಗ. ಅಂದು ಚರ್ಚಿನ ಹಬ್ಬದ ರಜೆ. ಚರ್ಚಿನ ಇತಿಹಾಸವನ್ನೇ ಪಾಠ ಮಾಡಿದ ನಾನು ಕ್ಯಾಲೆಂಡರ್ ನೋಡಿರಲಿಲ್ಲ.

ಬ್ರೆಡ್ಡಿನ ಅಂಗಡಿಯೊಂದು ತೆರೆದಿತ್ತು. ಅಕ್ಕ ನೇರವಾಗಿ ಒಳಗೆ ಹೋಗಿ ಒಂದು ಬ್ರೆಡ್ಡಿಗೆ ಬೆರಳು ತೋರಿಸಿದಳು. ಅಂಗಡಿಯಾಕೆ ಬೊಂಜೂರ್ ಎಂದು ಹೇಳಿ ಸುಮ್ಮನೆ ನಿಂತಳು. ಅಕ್ಕ ಮತ್ತೆ ತೋರಿಸಿದಳು. ಆಕೆ ಮತ್ತೆ ಬೊಂಜೂರ್ ಎಂದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ಇಲ್ಲಿ ಮೊದಲು ನಮಸ್ಕಾರ ಹೇಳದೆ ಏನು ಕೇಳಿದರೂ ಅದು ಒರಟುತನ ಎಂದು ನಾನು ಪಿಸುಗುಟ್ಟಿದೆ. ನಮ್ಮಲ್ಲಿ ಅಂಗಡಿಯವನು ಏನ್ ಬೇಕ್ರಿ ಎಂದರೆ ಅದೇ ನಮಸ್ಕಾರ. ಅಕ್ಕ ಎರಡೂ ಕೈ ಜೋಡಿಸಿ "ನಮಸ್ಕಾರ್ರಿ" ಎಂದಳು. ಅಂಗಡಿಯಾಕೆಯ ಮುಖ ಅರಳಿತು. ಅಲ್ಲಿಂದ ಮುಂದೆ ಬಸ್ಸಿನ ಚಾಲಕನಿಂದ ಹಿಡಿದು ನಾಯಿ ಹಿಡಿದುಕೊಂಡು ಹೋಗುವವರ ತನಕ ಎಲ್ಲರಿಗೂ ಅಕ್ಕ ಕನ್ನಡದಲ್ಲೇ ನಮಸ್ಕಾರ ಹೇಳಿದಳು. ಯಾರೂ ಉತ್ತರ ಕೊಡದೆ ಹೋಗಲಿಲ್ಲ.

ಮಧ್ಯಾಹ್ನ ದಂಡೆಗೆ ಹೋದೆವು. ಸಮುದ್ರ ಇರಲಿಲ್ಲ. ಇಳಿತದಲ್ಲಿ ನೀರು ದೂರ ಸರಿದು, ದೋಣಿಗಳೆಲ್ಲ ಕೆಸರಿನಲ್ಲಿ ಪಕ್ಕಕ್ಕೆ ವಾಲಿ ಮಲಗಿದ್ದವು. ನವಿಲುತೀರ್ಥದ ಆಣೆಕಟ್ಟಿನಲ್ಲಿ ಅಪ್ಪ ಗೇಟಿನ ಕೆಲಸಕ್ಕಿದ್ದ. ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಊರುಗಳ ಗೋಡೆ, ಕಟ್ಟೆ ಮೇಲೆ ಬರುತ್ತಿದ್ದವು. ನಾವು ಮಕ್ಕಳು ಒಣಗಿದ ಕೆಸರಿನ ಮೇಲೆ ನಡೆದು ಯಾರದೋ ಮನೆಯ ಹೊಸ್ತಿಲ ಮೇಲೆ ಕೂತು ಬರುತ್ತಿದ್ದೆವು. ನಮ್ಮಲ್ಲಿ ವರ್ಷಕ್ಕೊಮ್ಮೆ ಆಗುವುದು ಇಲ್ಲಿ ದಿನಕ್ಕೆ ಎರಡು ಸಲ ಆಗುತ್ತದೆ. ಸಂಜೆ ನೀರು ತಿರುಗಿ ಬಂದು ದೋಣಿಗಳು ಒಂದೊಂದಾಗಿ ಎದ್ದು ನಿಂತದ್ದನ್ನು ಇಬ್ಬರೂ ಕೊನೆಯವರೆಗೆ ನೋಡಿದೆವು.

ಸೊಲಾಂಜ್ ಅವರ ಊರು

ಸೊಲಾಂಜ್ ಕೆರ್ಗಾದುವಿನ ವಂಶದವರು, ಎಂಬತ್ತರ ಹತ್ತಿರದ ವಿಧವೆ. ಅವನು ಹುಟ್ಟಿದ ಊರಿನ ಪುರಸಭೆಗೆ ನಾನು ಬರೆದ ಕಾಗದ ಕೈಯಿಂದ ಕೈಗೆ ಹೋಗಿ ಅವರನ್ನು ಮುಟ್ಟಿತ್ತು. ಆಮೇಲೆ ನಾಲ್ಕು ವರ್ಷ ಪತ್ರ ಬರೆದುಕೊಂಡಿದ್ದೆವು. ಮರುದಿನ ನಾವು ಹೋದಾಗ ಬಸ್ಸು ಇಳಿಯುವ ಜಾಗಕ್ಕೇ ಬಂದು ನಿಂತಿದ್ದರು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಅಕ್ಕನ ಕಡೆ ತಿರುಗುವಷ್ಟರಲ್ಲಿ ಅಕ್ಕ ಕೈ ಮುಗಿದು ಒಂದು ಹೆಜ್ಜೆ ಹಿಂದೆ ಸರಿದಿದ್ದಳು.

ಮನೆಯಲ್ಲಿ ಕೆರ್ಗಾದುವಿನ ಚಿತ್ರ ನೋಡಿದೆ. ರಾಜನ ಆಳ್ವಿಕೆ ಬಿದ್ದು, ಹುಟ್ಟಿನ ನಿಯಮ ಹೋಗಿ, ಅವನಿಗೆ ಕೊನೆಗೂ ದೊಡ್ಡ ಹಡಗು ಸಿಕ್ಕಿದ ಮೇಲಿನ ಚಿತ್ರ ಅದು. ದಪ್ಪ ಹುಬ್ಬು, ಗಾಳಿಗೆ ಒಡೆದ ತುಟಿ. ಎಂಟು ವರ್ಷ ಕಾಣದೆ ಮಾತಾಡಿದವನ ಮುಖ. ನನ್ನ ಕಣ್ಣು ತುಂಬಿತು. ಸೊಲಾಂಜ್ ಯುದ್ಧಕಾಲದ ಅವನ ಪತ್ರಗಳ ಕಟ್ಟನ್ನು ನನ್ನ ಮುಂದಿಟ್ಟು, ಊಟಕ್ಕೆ ಏಳಿಸುವ ತನಕ ಓದಲು ಬಿಟ್ಟರು.

ಊಟಕ್ಕೆ ಕಪ್ಪು ಗೋಧಿ ಎಂದು ಅವರು ಕರೆಯುವ ಒಂದು ಕಾಳಿನ ಹಿಟ್ಟನ್ನು ತೆಳ್ಳಗೆ ಮಾಡಿ ದೊಡ್ಡ ಹಂಚಿನ ಮೇಲೆ ಹುಯ್ದರು. ಎರೆಯುವುದು ದೋಸೆಯ ಹಾಗೆ, ತಿನ್ನುವಾಗ ರೊಟ್ಟಿಯ ಖಮಂಗ ವಾಸನೆ. ಅಕ್ಕ ಚೀಲ ಬಿಚ್ಚಿ ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿ ತಿಂದಳು, ಸೊಲಾಂಜ್ ಅವರಿಗೂ ಉದುರಿಸಿದಳು. ಖಾರಕ್ಕೆ ಅವರ ಮೂಗಿನ ತುದಿ ಕೆಂಪಾಯಿತು. ಇನ್ನೊಂದಿಷ್ಟು ಎಂದು ತಟ್ಟೆ ಮುಂದೆ ಮಾಡಿದರು.

ಊಟದ ಮೇಲೆ ಊರ ಹೊರಗಿನ ಒಂದು ಪುಟ್ಟ ಚರ್ಚಿಗೆ ಕರೆದುಕೊಂಡು ಹೋದರು. ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಹಗ್ಗ ಹೊಸೆಯುವವರನ್ನು ಊರೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಅವರ ರಕ್ತದಲ್ಲಿ ಕುಷ್ಠ ಇದೆ ಎಂಬ ನಂಬಿಕೆ. ಅವರಿಗೆ ಬೇರೆ ಚರ್ಚು, ಬೇರೆ ಸ್ಮಶಾನ. ಬೇರೆಯವರ ಮನೆಯ ಹೆಣ್ಣು ತರುವಂತಿಲ್ಲ. ಕೆರ್ಗಾದು ಹುಟ್ಟುವ ಕಾಲಕ್ಕೆ ಕಾನೂನು ಅದನ್ನು ತೆಗೆದುಹಾಕಿತ್ತು, ಜನ ಮಾತ್ರ ಇನ್ನೂ ಮರೆತಿರಲಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಕ್ಕ ಆ ಚರ್ಚಿನ ತಗ್ಗು ಬಾಗಿಲನ್ನು ಮುಟ್ಟಿ ನೋಡಿದಳು.

"ಇಲ್ಲೂ ಊರ ಹೊರಗ ಕೇರಿ ಇತ್ತಂದಂಗಾತು" ಎಂದಳು.

ಅಂದು ತಿರುಗಿ ಬರುವಾಗ ನನಗೆ ಕಾಲು ನೆಲದ ಮೇಲಿರಲಿಲ್ಲ. ಪುಸ್ತಕದ ಮೊದಲ ಪುಟವನ್ನು ಈ ಬಾಗಿಲಿನಿಂದಲೇ ಶುರುಮಾಡಬೇಕು ಎಂದು ಬಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ.

ದಾಖಲೆಗಳ ಕೋಣೆ

ದಾಖಲೆಗಳ ಕೋಣೆಯಲ್ಲಿ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಬೂದು ಸ್ವೆಟರ್ ತೊಟ್ಟ ಒಬ್ಬ ಸಿಬ್ಬಂದಿ ಒಂದೊಂದೇ ಕಡತವನ್ನು ಕೂಸು ಎತ್ತಿಕೊಂಡಂತೆ ತಂದು ಸ್ಪಂಜಿನ ದಿಂಬಿನ ಮೇಲೆ ಮಲಗಿಸುತ್ತಿದ್ದರು. ಅಷ್ಟು ದೂರದಿಂದ ಈತನಿಗಾಗಿ ಬಂದಿರಾ ಎಂದು ಅವರಿಗೂ ಸೋಜಿಗ. ನಾನು ಮೂರು ವರ್ಷದ ಮಾತು ಹೇಳಿದೆ. ಅವರು ಸ್ವಲ್ಪ ಯೋಚಿಸಿ, ವ್ಯಾಪಾರಿ ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು ತಂದುಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೆಸರು ಸಿಕ್ಕಿತು. ಕಪ್ತಾನ: ಕೆರ್ಗಾದು. ಖುಷಿಯಿಂದ ಪಕ್ಕದಲ್ಲಿ ಕೂತಿದ್ದ ಅಕ್ಕನ ಕೈ ಹಿಡಿದೆ. ಆಮೇಲೆ ಪಕ್ಕದ ಕಾಲಮ್ಮಿನಲ್ಲಿ ಹಡಗು ಹೋಗುವ ಜಾಗ ಓದಿದೆ. ಪೂರ್ವ ಅಲ್ಲ. ಆಫ್ರಿಕದ ಗಿನಿ ಕರಾವಳಿ, ಅಲ್ಲಿಂದ ಕೆರಿಬಿಯನ್ ಸಮುದ್ರದ ದ್ವೀಪ, ಇವತ್ತಿನ ಹೈಟಿ.

ಈ ದಾರಿಯಲ್ಲಿ ಹೋದ ಹಡಗು ಏನು ಹೊತ್ತಿತ್ತು ಎಂಬುದನ್ನು ಇತಿಹಾಸದ ಮೇಷ್ಟ್ರಿಗೆ ಯಾರೂ ಹೇಳಬೇಕಾಗಿಲ್ಲ. ಆದರೂ ನಾನು ಬೂದು ಸ್ವೆಟರಿನವರನ್ನು ಕರೆದು ಕೇಳಿದೆ. ಅವರು ಪಟ್ಟಿಯ ಮೇಲೆ ಬಾಗಿ ನೋಡಿ, ಹೌದು, ಗುಲಾಮರ ಹಡಗು ಎಂದರು. ಒಂದು ಸಲ ಅಲ್ಲ, ಎರಡು ಸಲ ಹೋಗಿದ್ದಾನೆ. ಹಡಗಿನ ಸಿಬ್ಬಂದಿಯಲ್ಲಿ ಅಡುಗೆಯವನ ಹೆಸರೂ ಇತ್ತು, ಡೆಕ್ ತೊಳೆಯುವ ಹುಡುಗರ ಹೆಸರೂ ಇತ್ತು. ಕೆಳಗಿನ ಕತ್ತಲೆಯಲ್ಲಿ ಸರಪಳಿ ಹಾಕಿ ಮಲಗಿಸಿದವರಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ನನಗೆ ಅವನ ಸಾವೂ ನೆನಪಾಯಿತು. ಆ ದ್ವೀಪದ ಗುಲಾಮರು ದಂಗೆ ಎದ್ದು ತಮ್ಮ ಬಿಡುಗಡೆಯನ್ನು ತಾವೇ ಪಡೆದುಕೊಂಡಾಗ ಅವರನ್ನು ಬಗ್ಗಿಸಲು ಫ್ರಾನ್ಸಿನಿಂದ ದೊಡ್ಡ ನೌಕಾಪಡೆ ಹೋಯಿತು. ಆಗ ಕೆರ್ಗಾದು ಅದರ ಒಂದು ಯುದ್ಧನೌಕೆಯ ಕಪ್ತಾನ. ಅಲ್ಲಿಯೇ ಜ್ವರ ಬಂದು ಸತ್ತ. ಆ ಸಾವನ್ನು ನಾನು ಬಹಳ ಮರುಕದಿಂದ, ಮನೆಯಿಂದ ದೂರ ಬಿದ್ದ ಒಂಟಿ ನಾವಿಕನ ಸಾವು ಎಂದು ಬರೆದಿದ್ದೆ. ಆ ದ್ವೀಪ ಅವನಿಗೆ ಹೊಸದಾಗಿರಲಿಲ್ಲ.

ಪೆನ್ಸಿಲ್ ಕೆಳಗಿಟ್ಟೆ. ಬರೆದುಕೊಂಡು ಹೋಗೋಣ ಎಂದು ಅಕ್ಕ ಹೇಳಿದಳು. ನನ್ನ ಕೈಯಲ್ಲಿ ಆಗಲಿಲ್ಲ. ಅಕ್ಕ ಪೆನ್ಸಿಲ್ ತೆಗೆದುಕೊಂಡು, ಫ್ರೆಂಚಿನ ಒಂದು ಅಕ್ಷರವೂ ಬಾರದವಳು, ಆಸ್ಪತ್ರೆಯ ಚಾರ್ಟು ತುಂಬುವಷ್ಟೇ ಜತನದಿಂದ ಆ ಸಾಲುಗಳನ್ನು ನೋಡಿ ನೋಡಿ ನನ್ನ ವಹಿಯಲ್ಲಿ ಇಳಿಸಿದಳು.

ಮರುದಿನ

ಮರುದಿನ ನಾನು ಹಾಸಿಗೆಯಿಂದ ಏಳಲಿಲ್ಲ. ಎಂಟು ವರ್ಷದ ಕೆಲಸವನ್ನು ಅಲ್ಲೇ ಹರಿದುಹಾಕಿ ಹೋಗೋಣ ಅನ್ನಿಸಿತು. ಇನ್ನೊಂದು ಯೋಚನೆಯೂ ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಲೋರಿಯಾಂಗೆ ಬಂದು ಈ ಪಟ್ಟಿ ಓದುವವರು ಯಾರು? ಮೂರು ವರ್ಷ ಖಾಲಿ ಇದ್ದದ್ದು ಖಾಲಿಯಾಗಿಯೇ ಇರಲಿ. ಕಾರವಾರದ ಅಧ್ಯಾಯ ತೆಗೆದರೆ ಸಾಕು. ಮೇಜಿನಿಂದ ಎದ್ದುಹೋದ ಆ ನೀಲಿ ಅಂಗಿಯವನು ಹಾಗೆಯೇ ಉಳಿಯುತ್ತಾನೆ. ನಮ್ಮ ಹುಡುಗರಿಗೆ ಅಂಥವನೊಬ್ಬ ಬೇಕಿತ್ತು, ನನಗೂ ಬೇಕಿತ್ತು.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯಲ್ಲಿ ಸೀರೆ ಒಣ ಹಾಕುತ್ತಿದ್ದಳು. ಹಾಕಿ ಮುಗಿಸಿ ಬಂದು ಹಾಸಿಗೆಯ ತುದಿಗೆ ಕೂತಳು.

"ಅವನ್ನ ಮೇಜಿನಿಂದ ಎಬ್ಬಿಸಿದ್ದು ನಿನಗ ಎಂಟು ವರ್ಷ ಸುಟ್ಟೈತಿ" ಎಂದಳು. "ಅವ ಸರಪಳಿ ಹಾಕಿದ್ದು ಸುಡೂದಿಲ್ಲೇನು?"

ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

"ಏಳು. ಮಾರಿ ತೊಳಕೊ. ಆ ಹಿರೇಮನಶ್ಯಾರ ಕಡೆ ಹೋಗೂಣು. ಅವರ ಮನ್ಯಾಗ ಇನ್ನೂ ಏನರ ಇರಬೇಕು."

ಬಸ್ಸು ಹಿಡಿದು ಸೊಲಾಂಜ್ ಅವರ ಮನೆಗೆ ಹೋದೆವು. ನಾನು ವಹಿ ತೆರೆದು ಪಟ್ಟಿಯ ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ. ಆ ಕಾಲದಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು, ಕೆಲಸವಿಲ್ಲದ ನಾವಿಕ ಸಿಕ್ಕ ಹಡಗು ಹತ್ತಬೇಕಲ್ಲವೆ ಎಂದರು. ಆ ವರ್ಷಗಳ ಪತ್ರಗಳು ಇವೆಯೇ ಎಂದು ಕೇಳಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಇವೆ, ಅಪ್ಪ ಬೇರೆ ಕಟ್ಟಿ ಇಟ್ಟು ಬಿಚ್ಚಬೇಡ ಎಂದಿದ್ದರು, ನಾನು ಬಿಚ್ಚಿಲ್ಲ, ನಿಮಗೂ ಕೊಡುವುದಿಲ್ಲ ಎಂದರು. ಅಂದು ಅವರು ಬಸ್ಸಿನವರೆಗೆ ಬಿಡಲು ಬರಲಿಲ್ಲ. ಬಾಗಿಲಲ್ಲಿ ಅಕ್ಕ ಹೇಳಿದ ನಮಸ್ಕಾರಕ್ಕೆ ತಲೆಯನ್ನಷ್ಟೇ ಆಡಿಸಿದರು.

ಪತ್ರ ಕೊಡದಿದ್ದರೂ ಪಟ್ಟಿ ಇದೆ, ಅಷ್ಟರಿಂದಲೇ ಬರೆಯುತ್ತೇನೆ ಎಂದು ಆ ಬಸ್ಸಿನಲ್ಲಿ ನಿಶ್ಚಯಿಸಿದೆ. ಉಳಿದ ಎರಡು ದಿನವೂ ದಾಖಲೆಗಳ ಕೋಣೆ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತು, ಎರಡೂ ಪ್ರಯಾಣಗಳ ಪ್ರತಿ ಹಾಳೆಯನ್ನೂ ಬರೆದುಕೊಂಡೆ. ಊಟಕ್ಕೆ ಮುಚ್ಚುವಾಗ ಹೊರಗೆ ಗೋಡೆಗೆ ಒರಗಿ, ಇಬ್ಬರೂ ಚೂರಾದ ಕಟಕ ರೊಟ್ಟಿ ತಿಂದೆವು.

ಹೊರಡುವ ದಿನ

ಹೊರಡುವ ದಿನ ಬೆಳಿಗ್ಗೆ ಮಳೆ. ನಾವು ಚೀಲ ಕಟ್ಟುತ್ತಿದ್ದಾಗ ನಾವು ಇಳಿದುಕೊಂಡಿದ್ದ ಮನೆಯಾಕೆ ಮೇಲೆ ಬಂದು, ನಿಮ್ಮನ್ನು ನೋಡಲು ಯಾರೋ ಬಂದಿದ್ದಾರೆ ಎಂದರು. ಕೆಳಗೆ ಊಟದ ಮೇಜಿನ ಹತ್ತಿರ ಸೊಲಾಂಜ್ ಕೂತಿದ್ದರು. ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಟ್ಟು. ಎರಡು ಬಸ್ಸು ಬದಲಿಸಿ ಬಂದಿದ್ದರು.

ರಾತ್ರಿ ಬಿಚ್ಚಿ ಓದಲು ಕೂತೆ, ಅಕ್ಷರ ಹತ್ತಲಿಲ್ಲ, ನೀವು ಓದಿ ಹೇಳಿ ಎಂದರು. ಅವರಿಗೆ ಅಕ್ಷರ ಹತ್ತದೆ ಇದ್ದಿರಲಿಕ್ಕಿಲ್ಲ. ಒಬ್ಬರೇ ಓದಲು ಧೈರ್ಯ ಸಾಲಲಿಲ್ಲ ಎಂದು ನಾನು ತಿಳಿದೆ.

ತಂಗಿಗೆ ಬರೆದ ಐದು ಪತ್ರಗಳಿದ್ದವು. ಗಟ್ಟಿಯಾಗಿ ಓದುತ್ತ ಹೋದೆ, ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಒಂದು ಪತ್ರದಲ್ಲಿ, ದ್ವೀಪದ ಬಂದರಿನಲ್ಲಿ ಒಬ್ಬ ಕೆಂಪು ಅಧಿಕಾರಿ ತನ್ನ ಟೋಪಿಯ ವಂದನೆಗೆ ತಿರುಗಿ ವಂದಿಸಲಿಲ್ಲ ಎಂದು ಎರಡು ಪುಟ ನೊಂದುಕೊಂಡಿದ್ದಾನೆ. ಅದೇ ಹಾಳೆಯ ಕೊನೆಗೆ, ಹಡಗಿನ ಹೊಟ್ಟೆಯಲ್ಲಿದ್ದ ಜನರಿಗೆ ರಕ್ತಭೇದಿ ಹತ್ತಿ ದಾರಿಯಲ್ಲಿ ದಿನಾ ಕೆಲವರು ಸತ್ತರು, ಪ್ರಯಾಣ ಉದ್ದವಾದ್ದರಿಂದ ಕುಡಿಯುವ ನೀರನ್ನು ಅರ್ಧಕ್ಕೆ ಇಳಿಸಿದ್ದೆ, ಈ ಸಲ ಲಾಭ ಕಡಿಮೆ ಎಂದು ಒಂದೇ ಸಾಲು. ಅದರ ಕೆಳಗೆ ಅಮ್ಮನ ಮೊಣಕಾಲು ನೋವು ಹೇಗಿದೆ ಎಂಬ ವಿಚಾರಣೆ.

ಅಕ್ಕ ನನ್ನನ್ನು ನಿಲ್ಲಿಸಿ ಆ ಸಾಲನ್ನು ಮತ್ತೆ ಹೇಳಿಸಿದಳು.

"ಭೇದಿ ಹತ್ತಿದವರಿಗೆ ನೀರು ಅರ್ಧ ಮಾಡ್ಯಾನ" ಎಂದಳು, ನಿಧಾನವಾಗಿ. "ನೀರು ಕುಡಿಸಿದ್ರ ಭಾಳ ಮಂದಿ ಉಳೀತಿದ್ರು, ಸುಜಾತಾ. ನಾ ವಾರ್ಡಿನ್ಯಾಗ ನೋಡೇನಿ. ಇದನ್ನ ಅವರಿಗೆ ಹೇಳು."

ನಾನು ಸೊಲಾಂಜ್ ಅವರಿಗೆ ಹೇಳಿದೆ. ಅವರು ಅಕ್ಕನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಸೊಲಾಂಜ್ ಐದೂ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಫೋಟೋ ತೆಗೆದುಕೊಳ್ಳಿ ಎಂದರು. ಒಂದು ಮಾತು ನಡೆಸಿಕೊಡಬೇಕು ಎಂದೂ ಕೇಳಿದರು.

"ನನ್ನ ಅಪ್ಪ ಇದನ್ನು ಮುಚ್ಚಿಟ್ಟಿದ್ದರು, ನಾನೂ ಮುಚ್ಚಿಟ್ಟೆ. ಅದನ್ನೂ ಬರೆಯಿರಿ. ನನ್ನ ಹೆಸರು ಹಾಕಿಯೇ ಬರೆಯಿರಿ."

ಒಂದೊಂದು ಹಾಳೆಯನ್ನೂ ಎರಡೆರಡು ಸಲ ಫೋಟೋ ತೆಗೆದೆ. ನಾವು ಹೋಗಬೇಕಾದ ರೈಲು ಹೋಗಿಬಿಟ್ಟಿತ್ತು. ಮುಂದಿನ ರೈಲಿನ ತನಕ ಸೊಲಾಂಜ್ ನಮ್ಮ ಜೊತೆ ನಿಲ್ದಾಣದಲ್ಲೇ ಕೂತರು. ಡಬ್ಬಿ ಹತ್ತುವಾಗ ಅವರು ಮುತ್ತಿಡಲು ಮುಂದೆ ಬಂದರು. ಈ ಸಲ ಅಕ್ಕ ಹಿಂದೆ ಸರಿಯಲಿಲ್ಲ.

ಕಿತ್ತೂರು

ಬೆಂಗಳೂರಿನಿಂದ ಬಂದ ಬಸ್ಸು ನಮ್ಮನ್ನು ಬೆಳಗಿನ ಹೊತ್ತು ಕಿತ್ತೂರಿನ ಹೆದ್ದಾರಿಯ ಮೇಲೆ ಇಳಿಸಿತು. ಲಾರಿಗಳ ಧೂಳು, ಗದ್ದಲ. ಅಕ್ಕ ಫೋನು ತೆಗೆದು ಸೊಸೆಯ ಜೊತೆ ಮನಸಾರೆ ಗಟ್ಟಿಯಾಗಿ ಮಾತಾಡಿದಳು. ಬೈಲಹೊಂಗಲದ ತನಕ ಒಂದೇ ಬಸ್ಸಿನಲ್ಲಿ ಬಂದೆವು. ಮುಂದೆ ರಾಮದುರ್ಗಕ್ಕೆ ಹೋಗುವವಳು ಕಿಟಕಿಯಿಂದ, ಇವತ್ತೇ ಶುರು ಮಾಡು, ಮಲಗಬೇಡ ಎಂದು ಹೇಳಿ ಹೋದಳು.

ಮಲಗಲಿಲ್ಲ. ಮನೆಗೆ ಬಂದು ಕಾರವಾರದ ಅಧ್ಯಾಯ ತೆಗೆದೆ. ಅದರ ಜಾಗದಲ್ಲಿ ಗಿನಿ ಕರಾವಳಿಯನ್ನು ಬರೆದೆ. ಪ್ರಕಾಶಕರು ಓದಿ ಫೋನು ಮಾಡಿದರು. ಇಷ್ಟು ಚೆಂದದ ಕಥಾನಾಯಕನನ್ನು ನೀವೇ ಕೆಡಿಸಿದಿರಿ, ಹಡಗಿನ ವಿಷಯವನ್ನು ಕೊನೆಗೆ ಟಿಪ್ಪಣಿಯಲ್ಲಿ ಹಾಕೋಣ ಎಂದರು. ಟಿಪ್ಪಣಿಯಲ್ಲಿ ಹಾಕುವುದಾದರೆ ಹಸ್ತಪ್ರತಿ ವಾಪಸು ಕಳಿಸಿ ಎಂದೆ. ಒಂದು ವಾರ ಬಿಟ್ಟು ಫೋನು ಮಾಡಿ, ಆಗಲಿ ಎಂದರು.

ಸವದತ್ತಿ

ಅಚ್ಚಿಗೆ ಹೋಗುವ ಮೊದಲು ಪುಸ್ತಕದ ಆಯ್ದ ಭಾಗಗಳನ್ನು ನಮ್ಮವರ ಮುಂದೆ ಓದಿ ನೋಡಬೇಕು ಅನ್ನಿಸಿತು. ಸವದತ್ತಿಯಲ್ಲಿ ಒಂದು ಮಹಿಳಾ ಸಂಘದ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಇಪ್ಪತ್ತು ಇಪ್ಪತ್ತೈದು ಜನ ಸೇರಿದರು. ಅಕ್ಕ ರಾಮದುರ್ಗದಿಂದ ಬಂದು ಹಿಂದೆ ಗೋಡೆಗೆ ಕೂತಳು. ಊರ ಹೊರಗಿನ ಚರ್ಚು, ನೀಲಿ ಅಂಗಿ, ಮೇಜು, ಆಮೇಲೆ ಹಡಗು, ರಕ್ತಭೇದಿ, ನೀರು, ಎಲ್ಲ ಓದಿದೆ. ದ್ವೀಪದಲ್ಲಿ ದಂಗೆ ಎದ್ದದ್ದನ್ನೂ ಅದನ್ನು ಅಡಗಿಸಲು ಹೋದ ಕೆರ್ಗಾದು ಜ್ವರದಿಂದ ಸತ್ತದ್ದನ್ನೂ ಓದಿ ಹಾಳೆ ಕೆಳಗಿಟ್ಟೆ. ಕೆಲವರು ಚಪ್ಪಾಳೆ ತಟ್ಟಿದರು. ಅವನನ್ನು ಕ್ಷಮಿಸಬೇಕೋ ಬೇಡವೋ ಎಂದು ಕಾಲೇಜಿನ ಇಬ್ಬರು ಮೇಡಮ್ಮುಗಳು ಚರ್ಚೆ ಶುರುಮಾಡಿದರು.

ಮುಂದಿನ ಸಾಲಿನಲ್ಲಿ ಯಲ್ಲವ್ವ ಎಂಬ ಹೆಂಗಸು ಕೂತಿದ್ದರು. ಪುರಸಭೆಯಲ್ಲಿ ಬೀದಿ ಗುಡಿಸುವ ಕೆಲಸ ಮಾಡಿ ನಿವೃತ್ತರಾದವರು. ಚರ್ಚೆ ತಣ್ಣಗಾದ ಮೇಲೆ ಅವರು ಕೇಳಿದರು:

"ಅವ ಸತ್ತ, ಆತು. ದಂಗೆ ಎದ್ದ ಮಂದಿ ಏನಾದ್ರು? ಗೆದ್ರೋ ಇಲ್ಲೋ?"

"ಗೆದ್ದರು" ಎಂದೆ. "ಆ ದೊಡ್ಡ ಪಡೆಯನ್ನು ಸೋಲಿಸಿ ಕಳಿಸಿದರು. ಅಲ್ಲಿ ತಮ್ಮದೇ ರಾಜ್ಯ ಕಟ್ಟಿಕೊಂಡರು."

ಯಲ್ಲವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಹಂಗಾರ ಅದನ್ನ ಓದ್ರಿ."

ನಾನು ಹಾಳೆಗಳ ಕಡೆ ನೋಡಿದೆ. ಎಂಟು ವರ್ಷ ಬರೆದ ಪುಸ್ತಕದಲ್ಲಿ ಅವರ ಗೆಲುವಿಗೆ ನಾನು ಕೊಟ್ಟದ್ದು ಅರ್ಧ ಸಾಲು, ಅದೂ ಕಪ್ತಾನ ಸತ್ತ ಮೇಲೆ, ಇಂದು ಓದದೆ ಬಿಟ್ಟ ಹಾಳೆಯಲ್ಲಿ. ಅದನ್ನು ಇನ್ನೂ ಬರೆದಿಲ್ಲರಿ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬರೆದ ಮೇಲೆ ಬರ್ರಿ ಎಂದಷ್ಟೇ ಹೇಳಿದರು. ಕೋಣೆಯಿಂದ ಹೊರಗೆ ಬಂದು, ಚಪ್ಪಲಿ ಮೆಟ್ಟುವ ಮೊದಲೇ ಪ್ರಕಾಶಕರಿಗೆ ಫೋನು ಹಚ್ಚಿ, ಅಚ್ಚು ನಿಲ್ಲಿಸಿರಿ, ಪುಸ್ತಕ ಇನ್ನೂ ಮುಗಿದಿಲ್ಲ ಎಂದೆ.